ಮೂರನೆಯ ದಿನದ ಸುಸಲಾ

“ತಿನ್ನೂದಿಲ್ಲ ಅಂದ್ರ ಏನರ್ಥ? ಇದರಾಗ ವಿಷ ಕಲಸೀನೇನು? ಕ್ಯಾ ಸಮಝ್ತೀ ಹೈ ತೂ ಹಮ್ ಲೋಗೋಂ ಕೋ?”

ಅರ್ಧ ಕನ್ನಡ, ಅರ್ಧ ಹಿಂದಿ. ಸಿಟ್ಟು ಬಂದಾಗ ಯಾವ ಭಾಷೆ ಬಾಯಿಗೆ ಬರುತ್ತದೆ ಎಂಬುದು ನನ್ನ ಕೈಯಲ್ಲಿರುವುದಿಲ್ಲ. ಎದುರಿಗೆ ನಿಂತಿದ್ದವಳು ಹತ್ತು ವರ್ಷದ ಹುಡುಗಿ ಹೇತ್ವಿ, ಎದುರು ಫ್ಲ್ಯಾಟಿನ ಅಲ್ಪಾಬೆನ್ ಅವರ ಮಗಳು. ನನ್ನ ಮಗಳು ಮಹಿಮಾಳ ಗೆಳತಿ. ಇದ್ದವಳು ಅವಳೊಬ್ಬಳೇ ಗೆಳತಿ.

ನನ್ನ ಕೈಯಲ್ಲಿ ಸುಸಲಾದ ತಾಟಿತ್ತು. ಮಂಡಕ್ಕಿ ನೆನೆಸಿ, ಹಿಂಡಿ, ಉಳ್ಳಾಗಡ್ಡಿ ಮೆಣಸಿನಕಾಯಿ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ ಮಾಡುವ ಸುಸಲಾ ನನಗೆ ಬರುವ ಒಂದೇ ಅಡಿಗೆ. ಹಾವೇರಿ ಕಡೆಯ ನಮ್ಮ ಮನೆಯಲ್ಲಿ ನನ್ನವ್ವ ಮಾಡುತ್ತಿದ್ದ ಹಾಗೆಯೇ ಮಾಡುತ್ತೇನೆ. ರವಿವಾರ ನನಗೆ ರೈಲ್ವೆ ಶೆಡ್ಡಿಗೆ ರಜೆ. ಹೆಂಡತಿ ಸೌಮ್ಯಾ ಕಾಯಿಪಲ್ಲೆ ತರಲು ಹೋಗಿದ್ದಳು. ಹುಡುಗಿಯರಿಬ್ಬರೂ ಕೇರಂ ಆಡುತ್ತಿದ್ದರು. ಖುಷಿಯಿಂದಲೇ ಎರಡು ತಾಟು ಹಚ್ಚಿಕೊಂಡು ಬಂದಿದ್ದೆ.

“ಅಂಕಲ್, ನಹೀ ಚಲೇಗಾ. ಮೇರಾ ವ್ರತ್ ಹೈ,” ಎಂದಳು ಹೇತ್ವಿ.

“ವ್ರತಾ? ಹಾಲು ಹಲ್ಲು ಪೂರಾ ಬಿದ್ದಿಲ್ಲ, ನಿನಗೆಂಥಾ ವ್ರತಾ? ನಿಮ್ಮವ್ವ ಹೇಳಿ ಕಳಿಸ್ಯಾಳ. ಅವರ ಮನ್ಯಾಗ ಏನೂ ಮುಟ್ಟಬ್ಯಾಡ ಅಂತ. ಮಮ್ಮೀ ನೇ ಬೋಲಾ ನಾ?”

ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. ಮಹಿಮಾ ಎದ್ದು ನನ್ನ ಅಂಗಿ ಹಿಡಿದು ಜಗ್ಗಿದಳು. “ಪಪ್ಪಾ, ಬಿಡು ನಾ! ಆಕಿ ಐದು ದಿನಾ ನಮಕ್ ತಿನ್ನಂಗಿಲ್ಲ.”

“ನೀ ಬಾಯಿ ಮುಚ್ಚು. ಆಕೀಗೂ ಬಾಯಿ ಐತಿ.” ತಾಟನ್ನು ಹೇತ್ವಿಯ ಕೈಗೆ ತುರುಕಿದೆ. “ತೀನ್ ಚಮಚ್. ಖಾ ಕೇ ಜಾ. ತಿನ್ನದ ಹೋದ್ರ ನಾಳಿಂದ ಈ ಮನೀಗೆ ಬರೂದು ಬ್ಯಾಡ. ಕಲ್ ಸೇ ಮತ್ ಆನಾ.”

ಹುಡುಗಿ ಮಹಿಮಾಳ ಮುಖ ನೋಡಿದಳು. ಆಮೇಲೆ ಚಮಚ ಎತ್ತಿದಳು. ಒಂದು, ಎರಡು, ಮೂರು. ಅಗಿಯಲೇ ಇಲ್ಲ, ಗುಳಿಗೆ ನುಂಗಿದ ಹಾಗೆ ನುಂಗಿದಳು. ತಾಟನ್ನು ತಾನೇ ಒಯ್ದು ಸಿಂಕಿನಲ್ಲಿ ತೊಳೆದಿಟ್ಟಳು. ಬರಿಗಾಲಲ್ಲಿ ಓಡಿದಳು. ಅವಳ ಗುಲಾಬಿ ಬಣ್ಣದ ಒಂದು ಜೊತೆ ಚಪ್ಪಲಿ ಸದಾ ನಮ್ಮ ಸ್ಟ್ಯಾಂಡಿನಲ್ಲೇ ಇರುತ್ತಿತ್ತು. ಎದುರು ಮನೆಗೆ ನಾಲ್ಕು ಹೆಜ್ಜೆ, ಅದಕ್ಕೆ ಚಪ್ಪಲಿ ಯಾಕೆ? ಕೆಳಗೆ ಆಡಲು ಹೋಗುವಾಗ ಬೇಕಾಗುತ್ತದೆಂದು ಇಲ್ಲಿಯೇ ಬಿಟ್ಟಿರುತ್ತಿದ್ದಳು.

ನಾನು ಅವಳ ತಾಟಿನಲ್ಲಿ ಉಳಿದಿದ್ದನ್ನು ಸಿಂಕಿನಿಂದ ಬಳಿದು ಚೆಲ್ಲಿದೆ. ನನ್ನ ಪಾಲಿನದನ್ನು ಕೂತು ತಿಂದೆ. ನಿಜ ಹೇಳಬೇಕೆಂದರೆ ಆಗ ನನಗೆ ಗೆದ್ದ ಹಾಗಿತ್ತು.

ಸೌಮ್ಯಾ ಚೀಲ ಇಳಿಸುವುದಕ್ಕೂ ಪುರಸೊತ್ತು ಕೊಡದೆ ಮಹಿಮಾ ಎಲ್ಲವನ್ನೂ ಹೇಳಿದಳು. ಸೌಮ್ಯಾ ಚೀಲ ಹಿಡಿದೇ ನಿಂತಳು.

“ಏನ್ ಮಾಡೀರಿ ಇದು? ಗೌರಿ ವ್ರತ ರೀ ಅದು. ಈ ಕಡೆ ಸಣ್ಣ ಹುಡುಗ್ಯಾರು ಆಷಾಢದಾಗ ಐದು ದಿನ ಉಪ್ಪು ಬಿಡ್ತಾರ. ಕುಡಿಕ್ಯಾಗ ಗೋಧಿ ಸಸಿ ಬೆಳಸಿ ಪೂಜಾ ಮಾಡ್ತಾರ. ಐದು ವರ್ಷ ಬಿಡದಂಗ ಮಾಡಬೇಕು. ಆಕೀದು ಇದು ಐದನೇ ವರ್ಷ. ಇವತ್ತು ಮೂರನೇ ದಿನ.”

“ನನಗೇನು ಕನಸು ಬಿದ್ದಿತ್ತೇನು?”

“ಆಕಿ ಹೇಳಲಿಲ್ಲೇನು?”

“ಇಲ್ಲ. ಸುಮ್ಮನ ಬ್ಯಾಡ ಬ್ಯಾಡ ಅಂದ್ಲು.”

ಇದು ಸುಳ್ಳು. ಅವಳು ವ್ರತ ಎಂದಿದ್ದು ಕೇಳಿಸಿತ್ತು. ಮಗಳು ಉಪ್ಪು ಎಂದಿದ್ದೂ ಕೇಳಿಸಿತ್ತು. ಆದರೆ ನನ್ನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಎರಡು ವರ್ಷದ ಹಿಂದೆ ಅಹಮದಾಬಾದಿನಿಂದ ವಡೋದರಾಕ್ಕೆ ವರ್ಗವಾಗಿ ಬಂದಾಗ ಮಂಜಲ್‌ಪುರದಲ್ಲಿ ಮನೆ ಹುಡುಕಲು ತಿರುಗಿದ್ದೆ. ಮೂರು ಮನೆಯ ಮಾಲೀಕರು ಹೊಸ್ತಿಲ ಆಚೆಯೇ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದ್ದರು: ಸೌತ್ ಇಂಡಿಯನ್ನಾ? ನಾನ್‌ವೆಜ್ ತಿನ್ನುತ್ತೀರಾ? ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ಲಿಂಗಾಯತ ನಾನು. ಮೂರನೆಯವನ ಎದುರು ಅಂಗಿಯ ಗುಂಡಿ ಬಿಚ್ಚಿ ಕೊರಳಲ್ಲಿದ್ದ ಲಿಂಗ ತೋರಿಸಿ ಕೂಗಾಡಿ ಬಂದಿದ್ದೆ. ಆ ಮೂವರಿಗೆ ಕೊಡಬೇಕಾಗಿದ್ದ ಉತ್ತರವನ್ನು ಹತ್ತು ವರ್ಷದ ಹುಡುಗಿಗೆ ಕೊಟ್ಟೆ. ಅದೂ ಯಾರ ಮಗಳಿಗೆ? ನಾವು ಸಾಮಾನು ಇಳಿಸಿದ ದಿನವೇ, ಒಲೆ ಹಚ್ಚುವ ಮೊದಲೇ, ಒಂದು ಪಾತ್ರೆ ಖಿಚಡಿ, ಮಜ್ಜಿಗೆ ಕಢಿ ತಂದು ಕೊಟ್ಟ ಅಲ್ಪಾಬೆನ್ ಮಗಳಿಗೆ. ಆಕೆ ನಮ್ಮನ್ನು ಏನನ್ನೂ ಕೇಳಿರಲಿಲ್ಲ.

ಮಹಿಮಾಳಿಗೆ ಬೇರೆ ಗೆಳತಿಯರು ಇರಲಿಲ್ಲ ಎಂದೆನಲ್ಲ, ಅದಕ್ಕೂ ಕಾರಣ ನಾನೇ. ಅಹಮದಾಬಾದಿನಲ್ಲಿ ಅವಳು ಎರಡನೇ ಇಯತ್ತೆಯಲ್ಲಿದ್ದಾಗ ಟೀಚರು ಕರೆಸಿದ್ದರು. ಹುಡುಗಿ ಸೋತರೆ ಆಟವನ್ನೇ ಕೆಡಿಸುತ್ತಾಳೆ, ಸರದಿ ಬಿಡುವುದಿಲ್ಲ, ತಪ್ಪು ಮಾಡಿದರೆ ಸಾರಿ ಎನ್ನುವುದಿಲ್ಲ, ಬರ್ತ್‌ಡೇಗೆ ಅವಳನ್ನು ಯಾರೂ ಕರೆಯುತ್ತಿಲ್ಲ ಎಂದರು. ಸೌಮ್ಯಾ ಟೀಚರ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. ಹಿಂದಿನ ವಾರವಷ್ಟೇ ಟೀವಿಯಲ್ಲಿ ನಮ್ಮ ತಂಡ ಮ್ಯಾಚ್ ಸೋತಿತೆಂದು ನಾನು ರಿಮೋಟನ್ನು ಗೋಡೆಗೆ ಎಸೆದಿದ್ದೆ.

ಅಂದಿನಿಂದ ಸೌಮ್ಯಾ ಹಟ ಹಿಡಿದಳು. ದೊಡ್ಡ ಪಾಠವೇನಲ್ಲ. ಬಟಾಣಿ ಸುಲಿಯುವಾಗ ಒಮ್ಮೆ ನೀನು, ಒಮ್ಮೆ ನಾನು. ಮಾವಿನಹಣ್ಣು ಒಬ್ಬರು ಕೊಯ್ದರೆ ಇನ್ನೊಬ್ಬರು ಮೊದಲು ಆರಿಸಿಕೊಳ್ಳಬೇಕು. ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು, “ಇವತ್ತು ಸಾಲ್ಯಾಗ ಯಾರು ಒಬ್ಬರೇ ಕುಂತಿದ್ರು? ನೀ ಏನಂದಿ ಅವರಿಗೆ?” ಕೇರಂ ಸೋತರೆ ಗೆದ್ದವರಿಗೆ “ಚಲೋ ಆಡಿದಿ” ಎನ್ನದೆ ಏಳುವ ಹಾಗಿಲ್ಲ. ಮೊದಮೊದಲು ಮಹಿಮಾ ಹಲ್ಲು ಕಚ್ಚಿ ಅನ್ನುತ್ತಿದ್ದಳು. ನಾನು ನಗುತ್ತಿದ್ದೆ.

“ಗೆಳೆತನ ಅಂದ್ರ ಮಗ್ಗಿ ಏನು, ಬಾಯಿಪಾಠ ಮಾಡಿಸಾಕ? ನಮ್ಮೂರಾಗ ಮುಂಜಾನೆ ಬಡಿದಾಡಿ ಸಂಜಿಗೆ ಕೂಡಿ ಈಜತಿದ್ವಿ. ಯಾರು ಕಲಿಸಿದ್ರು ನಮಗ?”

“ಹೌದಲ್ಲ, ಈಗ ಎಷ್ಟು ಮಂದಿ ಗೆಳೆಯರದಾರ ನಿಮಗ?” ಎಂದಿದ್ದಳು ಸೌಮ್ಯಾ.

ಶೆಡ್ಡಿನಲ್ಲಿ ನನ್ನ ಜೊತೆ ಡಬ್ಬಿ ಬಿಚ್ಚಿ ಕೂರುವವರು ಒಬ್ಬರೂ ಇಲ್ಲ. ಈ ಹಾಲಪ್ಪನ ನಾಲಿಗೆ ಎಂದರೆ ಎಲ್ಲರೂ ದೂರ.

ಹೀಗೆ ಒಂದು ವರ್ಷ ದಾಟಿತು. ಆಮೇಲೆ ಹೇತ್ವಿ ಬಂದಳು. ಮೊದಲು ಬಾಗಿಲಲ್ಲಿ ನಿಂತಳು, ಆಮೇಲೆ ಒಳಗೆ ಕೂತಳು, ಆಮೇಲೆ ಚಪ್ಪಲಿ ಬಿಟ್ಟು ಹೋದಳು. ಒಂದು ದಿನ ಮಹಿಮಾ ಕೇರಂ ಸೋತು, ಯಾರೂ ಹೇಳದೆ, “ಅಚ್ಛಾ ಖೇಲಾ ಯಾರ್” ಎಂದು ನಕ್ಕಳು. ಸೌಮ್ಯಾ ಅಡಿಗೆಮನೆಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ಒಂದು ವರ್ಷದ ದುಡಿತವನ್ನು ನಾನು ಮೂರು ಚಮಚದಲ್ಲಿ ಮುಗಿಸಿದ್ದೆ.

ಮುಗಿದಿರಲಿಲ್ಲ ಎನ್ನುವುದೇ ಆಶ್ಚರ್ಯ.

ಅದೇ ಸಂಜೆ ಮಹಿಮಾ ಎದುರು ಮನೆಗೆ ಹೋಗಿ ಬಂದಳು. ನನ್ನ ಮುಂದೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು. ಅದು ನನ್ನದೇ ನಿಲುವು.

“ಪಪ್ಪಾ, ಹೇತ್ವಿ ಘರ್ ಮೇ ಹೇಳಿಲ್ಲ. ಹೇಳೂದೂ ಇಲ್ಲ. ಹೇಳಿದ್ರ ಆಕಿ ದಾದಿ ರೋಯೇಂಗೀ, ಅಳ್ತಾರ. ಲಾಸ್ಟ್ ಇಯರ್ ಅಂತ ಹೊಸಾ ಚಣಿಯಾ ಚೋಳಿ ಹೊಲಿಸ್ಯಾರ.”

“ಮತ್ತ?”

“ಮತ್ತ ಏನಿಲ್ಲ. ನಾ ಪ್ಲ್ಯಾನ್ ಮಾಡೀನಿ. ಆಕೀದು ಒಂದು ದಿನ ಕಮ್ಮಿ ಆತು ನಾ? ನಾ ಕಲ್ ಸೇ ಎರಡು ದಿನ ನಮಕ್ ಬಿಡ್ತೀನಿ. ಒಂದು ಆಕೀದು ಕಮ್ಮಿ ಆಗಿದ್ದಕ್ಕ, ಒಂದು ಎಕ್ಸ್‌ಟ್ರಾ. ಹೇತ್ವಿ ಹೂಂ ಅಂದ್ಲು. ಗೌರಿ ಮಾತಾಜೀಗೆ ನಾವಿಬ್ರೂ ಹೇಳೀವಿ. ನೀ ಅಲ್ಪಾ ಆಂಟೀಗೆ ಹೇಳಬ್ಯಾಡ. ಪ್ರಾಮಿಸ್?”

“ಆತು.”

“ಆತು ಅಲ್ಲ. ಪ್ರಾಮಿಸ್ ಅನ್ನು. ಮೇರೇ ಪಪ್ಪಾ ಗುಸ್ಸಾ ಕರ್ತೇ ಹೈಂ ಪರ್ ಝೂಠ್ ನಹೀ ಬೋಲ್ತೇ ಅಂತ ಹೇತ್ವಿಗೆ ಹೇಳಿ ಬಂದೀನಿ.”

ಸುಳ್ಳು ಹೇಳದ ಪಪ್ಪಾ. ಅಡಿಗೆಮನೆಯಿಂದ ಸೌಮ್ಯಾ ಕೇಳಿಸಿಕೊಳ್ಳುತ್ತಿದ್ದಳು. ನಾನು “ಪ್ರಾಮಿಸ್” ಎಂದೆ.

ಮಗಳು ಹೋದ ಮೇಲೆ ಸೌಮ್ಯಾ ಹೊರಗೆ ಬಂದಳು. “ಹುಡುಗ್ಯಾರು ತಾವ ಸರಿ ಮಾಡ್ಕೊಂಡಾವು. ಇನ್ನ ನಿಮ್ಮದೊಂದು ಉಳೀತು. ನಾಳೆ ಹೇತ್ವಿ ಬಂದಾಗ ಎರಡು ಮಾತು ಹೇಳ್ರಿ. ತಪ್ಪಾತವ್ವಾ ಅಂತ ಹೇಳಿದ್ರ ಸಾಕು.”

“ಆಕಿ ಅವ್ವಗ ಹೇಳೂದು ಬ್ಯಾಡೇನು?”

“ಅದು ಆ ಹುಡುಗಿ ಮಾತು ರೀ. ಹೇಳಬೇಕು ಅನ್ನಿಸಿದಾಗ ಆಕೀನ ಹೇಳ್ತಾಳ. ನೀವು ಆಕೀಗೆ ಹೇಳ್ರಿ, ಸಾಕು.”

ಮರುದಿನ ಡ್ಯೂಟಿ ಮುಗಿಸಿ ಬಂದಾಗ ಹೇತ್ವಿ ನಮ್ಮ ಹಾಲಿನಲ್ಲಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಸ್ಟ್ರೈಕರ್ ಕೈಯಲ್ಲೇ ಇತ್ತು. ಎರಡು ಮಾತು. ನಾಲಿಗೆಯ ತುದಿಗೆ ಬಂದಿತ್ತು. ನನ್ನಪ್ಪ ನನ್ನನ್ನು ಎಷ್ಟೋ ಸಲ ತಪ್ಪಿಲ್ಲದೆ ಬಡಿದಿದ್ದ. ಒಮ್ಮೆಯೂ ತಪ್ಪಾಯಿತು ಎಂದಿರಲಿಲ್ಲ. ಮನೆಯ ಗಂಡಸು ಮಕ್ಕಳಿಗೆ ಹಾಗೆ ಅನ್ನುವುದನ್ನು ನಾನು ನೋಡಿಯೇ ಇಲ್ಲ.

“ಹೋಂವರ್ಕ್ ಹೋ ಗಯಾ?” ಎಂದೆ. ಗಟ್ಟಿಯಾಗಿಯೇ ಬಂತು.

“ಜೀ ಅಂಕಲ್.”

ಅಷ್ಟೇ. ಕಾಲು ತೊಳೆಯಲು ಹೋದೆ.

ಆ ದಿನ ಊಟಕ್ಕೆ ಮಹಿಮಾಳ ತಾಟಿನಲ್ಲಿ ಚಪಾತಿ, ಹಾಲು, ಬಾಳೆಹಣ್ಣು. ನಮ್ಮ ತಾಟಿನಲ್ಲಿ ಬದನೆಕಾಯಿ ಎಣ್ಣೆಗಾಯಿ. ಎಣ್ಣೆಗಾಯಿ ಎಂದರೆ ಅವಳಿಗೆ ಪ್ರಾಣ. ವಾಸನೆಗೆ ಒಮ್ಮೆ ಮೂಗು ಅರಳಿಸಿ, ಮುಖ ತಿರುಗಿಸಿ ಹಾಲಿನಲ್ಲಿ ಚಪಾತಿ ಅದ್ದಿದಳು. “ಮಸ್ತ್ ಐತಿ ಪಪ್ಪಾ, ಸ್ವೀಟ್ ಲಗ್ತಾ ಹೈ,” ಎಂದಳು. ನನ್ನ ತಪ್ಪನ್ನು ಒಂಬತ್ತು ವರ್ಷದ ಮಗಳು ಉಣ್ಣುತ್ತಿದ್ದಳು. ನನಗೆ ಆ ದಿನ ಉಪ್ಪು ಖಾರ ಯಾವುದೂ ಗೊತ್ತಾಗಲಿಲ್ಲ. ನಾನೂ ಉಪ್ಪು ಬಿಟ್ಟಿದ್ದರೆ? ಈಗ ಹೊಳೆಯುತ್ತದೆ. ಆಗ ಹೊಳೆಯಲಿಲ್ಲ. ತಾಟು ಬರಿದು ಮಾಡಿ ಎದ್ದೆ.

ಐದನೆಯ ದಿನ ಮುಂಜಾನೆ ಶೆಡ್ಡಿಗೆ ಹೊರಟಾಗ ಎದುರು ಬಾಗಿಲು ತೆರೆದಿತ್ತು. ಹೇತ್ವಿ ನೆಲದ ಮೇಲೆ ಕೂತು ಗೋಧಿ ಸಸಿಯ ಕುಡಿಕೆಗೆ ಚಮಚದಿಂದ ನೀರು ಹಾಕುತ್ತಿದ್ದಳು. ಸಸಿ ಗೇಣುದ್ದ ಬೆಳೆದಿತ್ತು. ಅಜ್ಜಿ ಪಕ್ಕದಲ್ಲಿ ಕೂತು ಹಾಡಿನಂಥದ್ದೇನೋ ಗುನುಗುತ್ತಿದ್ದಳು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಹುಡುಗಿಯನ್ನು ಅಲ್ಲಿಗೆ ಕರೆದು ಎರಡು ಮಾತು ಹೇಳಬಹುದಾಗಿತ್ತು. ಹೇತ್ವಿ ತಲೆ ಎತ್ತಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ನಾನು ಬಾಯಿ ಬಿಟ್ಟುಬಿಡುತ್ತೇನೋ ಎಂಬ ಹೆದರಿಕೆ. ನಾನು ಟಿಫಿನ್ ಚೀಲವನ್ನು ಹೆಗಲಿಂದ ಹೆಗಲಿಗೆ ಬದಲಿಸಿ ಮೆಟ್ಟಿಲು ಇಳಿದೆ.

ಇಡೀ ದಿನ ಕೆಲಸದಲ್ಲಿ ಮನಸ್ಸಿರಲಿಲ್ಲ. ನಟ್ಟು ಬಿಗಿದು ಮತ್ತೆ ಬಿಚ್ಚಿದೆ. ಎದೆಯೊಳಗೆ ಏನೋ ಸಿಕ್ಕಿಕೊಂಡ ಹಾಗಿತ್ತು. ಉಗುಳಿಬಿಟ್ಟರೆ ಹಗುರಾಗುತ್ತದೆ ಎನಿಸುತ್ತಿತ್ತು. ಯಾರ ಮುಂದೆ ಉಗುಳಬೇಕು ಎಂದು ಮಾತ್ರ ಯೋಚಿಸಲಿಲ್ಲ.

ಸಂಜೆ ಐದೂವರೆಗೆ ನಾನು ಚಹಾ ಕುಡಿಯುತ್ತಿದ್ದಾಗ ಅಲ್ಪಾಬೆನ್ ಬಂದರು. ಹಿಂದೆ ಹೇತ್ವಿ. ಕೆಂಪು ಹಸಿರು ಚಣಿಯಾ ಚೋಳಿ, ಕೈತುಂಬ ಬಳೆ, ಹಣೆಯ ಮೇಲೆ ಸಣ್ಣ ಬಿಂದಿ. ಮಹಿಮಾ ಓಡಿ ಬಂದು ಲಂಗದ ಅಂಚು ಹಿಡಿದು ಎತ್ತಿ ನೋಡಿದಳು. ಇಬ್ಬರೂ ಕಿಸಿಕಿಸಿ ನಕ್ಕರು. ಐದು ದಿನ ದಾಟಿತ್ತು. ಗುಟ್ಟು ಗುಟ್ಟಾಗಿಯೇ ಉಳಿದಿತ್ತು. ಅವರ ನಗುವಿನಲ್ಲಿ ಅದು ಗೊತ್ತಾಗುತ್ತಿತ್ತು.

“ಸೌಮ್ಯಾಬೆನ್, ನಾಳೆ ಊಟಕ್ಕೆ ಮಹಿಮಾನ ಕಳಿಸಬೇಕು,” ಎಂದರು ಅಲ್ಪಾಬೆನ್, ತಮ್ಮ ಗುಜರಾತಿ ಬೆರೆತ ಹಿಂದಿಯಲ್ಲಿ. “ಐದು ವರ್ಷ ಮುಗೀತು ನೋಡಿ. ಐದು ಜನ ಹುಡುಗಿಯರನ್ನು ಕೂರಿಸಿ ಉಣ್ಣಿಸುತ್ತೇವೆ. ಮೊದಲ ತಾಟು ಮಹಿಮಾಂದೇ, ಹೇತ್ವಿ ಹಟ ಮಾಡಿದ್ದಾಳೆ.” ಆಮೇಲೆ ನನ್ನ ಕಡೆ ತಿರುಗಿದರು. “ಹಾಲಪ್ಪಭಾಯ್, ನಿಮ್ಮ ಮಗಳು ಎರಡು ದಿನ ನನ್ನ ಮಗಳ ಜೊತೆ ಉಪ್ಪು ಬಿಟ್ಟಳಂತೆ. ಅತ್ತೆ ಕೇಳಿ ಕಣ್ಣಲ್ಲಿ ನೀರು ತಂದರು. ಎಂಥ ಸಂಸ್ಕಾರ ಕೊಟ್ಟಿದ್ದೀರಿ ಮಗಳಿಗೆ! ನನ್ನ ಮಗಳು ದಿನವಿಡೀ ನಿಮ್ಮ ಮನೆಯಲ್ಲೇ ಇರುತ್ತಾಳೆ. ಬೇರೆಯವರ ಮನೆಯಾಗಿದ್ದರೆ ವ್ರತ ಉಳಿಯುತ್ತಿತ್ತೋ ಇಲ್ಲವೋ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈದರೆ ತಿರುಗಿ ಬೈಯುವುದು ನನಗೆ ಗೊತ್ತು. ಈ ಹೊಗಳಿಕೆ ನನ್ನನ್ನು ಕುಕ್ಕಿತು. ಸೌಮ್ಯಾ ನನ್ನ ಮುಖ ನೋಡಿ ಏನೋ ಗ್ರಹಿಸಿದಳು. “ರೀ, ಚಹಾ ಆರತೈತಿ,” ಎಂದಳು ಅವಸರದಲ್ಲಿ. ಮಹಿಮಾ ನನ್ನತ್ತ ನೋಡಿ ಸಣ್ಣಗೆ ತಲೆ ಅಲ್ಲಾಡಿಸಿದಳು. ಬೇಡ.

“ನಹೀ ಬೆನ್,” ಎಂದೆ. ಎದ್ದು ನಿಂತು ಕೈ ಮುಗಿದೆ. “ವ್ರತ ಉಳಿದಿಲ್ಲ. ರವಿವಾರ ನಾನೇ ಬಲವಂತ ಮಾಡಿ ಉಪ್ಪು ಹಾಕಿದ್ದು ತಿನ್ನಿಸಿದೆ. ಬೇಡ ಅಂದಳು, ವ್ರತ ಅಂದಳು. ನಾನೇ ಬೈದು ತಿನ್ನಿಸಿದೆ. ತಪ್ಪು ನನ್ನದು. ಸಾರಿ. ಮಾಫ್ ಕರ್ ದೋ.”

ನಲವತ್ತೇಳು ವರ್ಷದಲ್ಲಿ ಮೊದಲ ಸಲ ಆ ಮಾತು ನನ್ನ ಬಾಯಿಂದ ಬಂತು. ಎದೆ ಹಗುರಾಯಿತು. ಅದೇ ನಾಚಿಕೆಯ ಸಂಗತಿ. ನಿಜವಾಗಿಯೂ ಹಗುರಾಯಿತು.

ಅಲ್ಪಾಬೆನ್ ಮಗಳತ್ತ ತಿರುಗಿ ಗುಜರಾತಿಯಲ್ಲಿ ಮೆಲ್ಲಗೆ ಕೇಳಿದರು. ನಿಜವೇನು? ಹೇತ್ವಿ ನೆಲ ನೋಡುತ್ತ ಹೌದೆಂದು ತಲೆ ಆಡಿಸಿದಳು.

“ಮೂರು ದಿನದಿಂದ ನನ್ನ ಹತ್ತಿರ ಮುಚ್ಚಿಟ್ಟೆಯಾ? ದಾದಿಯ ಹತ್ತಿರ? ಗೌರಿ ಮಾತಾನ ಮುಂದೆ ಕೂತು?”

ದನಿ ಏರಿಸಲಿಲ್ಲ ಆ ತಾಯಿ. ಹೊಡೆಯಲಿಲ್ಲ. ನನ್ನನ್ನೂ ಬೈಯಲಿಲ್ಲ. “ಇರಲಿ ಭಾಯ್, ಗೊತ್ತಿಲ್ಲದೆ ಆಗುತ್ತದೆ. ಮುಂದಿನ ವರ್ಷ ಇನ್ನೊಮ್ಮೆ ಮಾಡುತ್ತಾಳೆ. ನೀವು ದೊಡ್ಡ ಮನಸ್ಸಿನಿಂದ ಹೇಳಿದಿರಿ,” ಎಂದರು. ಆದರೆ ಊಟದ ಮಾತು ಮತ್ತೆ ಎತ್ತಲಿಲ್ಲ. ಅತ್ತೆಗೆ ಹೇಗೆ ಹೇಳಲಿ ಎಂದು ತಮ್ಮಷ್ಟಕ್ಕೆ ಅಂದುಕೊಳ್ಳುತ್ತ ಎದುರು ಮನೆಗೆ ದಾಟಿದರು.

ಹೇತ್ವಿ ನಿಂತೇ ಇದ್ದಳು. ನನ್ನನ್ನು ನೋಡಲಿಲ್ಲ. ಮಹಿಮಾಳನ್ನು ನೋಡಿದಳು.

“ತೂನೇ ಬೋಲಾ ಥಾ, ತೇರೇ ಪಪ್ಪಾ ನಹೀ ಬೋಲೇಂಗೇ.” ಪಪ್ಪಾ ಬಾಯಿ ಬಿಡುವುದಿಲ್ಲ ಎಂದು ಮಹಿಮಾ ಅವಳಿಗೆ ಕೊಟ್ಟಿದ್ದ ಮಾತು ಅದು.

“ಹೇತ್ವಿ, ಸುನ್ ನಾ…” ಮಹಿಮಾ ಅವಳ ಕೈ ಹಿಡಿಯಲು ಹೋದಳು. ಹೇತ್ವಿ ಕೈ ಹಿಂದಕ್ಕೆ ಎಳೆದುಕೊಂಡಳು. ಬಳೆ ಸದ್ದಾಯಿತು.

ಮಹಿಮಾ ನನ್ನ ಕಡೆ ತಿರುಗಿದಳು. ಅಳುತ್ತಿರಲಿಲ್ಲ. “ನೀ ಆಂಟೀಗೆ ಸಾರಿ ಹೇಳಿದಿ ಪಪ್ಪಾ. ಆಕೀಗೆ ಹೇಳಲಿಲ್ಲ.”

ಈಗಲಾದರೂ ಹೇಳಬೇಕಾಗಿತ್ತು. ಹುಡುಗಿ ಮೂರು ಅಡಿ ದೂರದಲ್ಲಿದ್ದಳು. “ಬೇಟಾ” ಎಂದೆ. ಮುಂದಿನ ಮಾತು ಬಾಯಿಗೆ ಬರುವಷ್ಟರಲ್ಲಿ ಅವಳು ಬಗ್ಗಿ ಸ್ಟ್ಯಾಂಡಿನಿಂದ ಗುಲಾಬಿ ಚಪ್ಪಲಿ ಎತ್ತಿಕೊಂಡಳು. ಕಾಲಿಗೆ ಹಾಕಿಕೊಳ್ಳಲಿಲ್ಲ. ಎರಡನ್ನೂ ಎದೆಗೆ ಒತ್ತಿ ಹಿಡಿದಳು. ಹೊಸ ಚೋಳಿಗೆ ಧೂಳು ಮೆತ್ತಿತು. ಹೊಸ್ತಿಲು ದಾಟಿ, ನಾಲ್ಕು ಹೆಜ್ಜೆ ನಡೆದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಆ ಹುಡುಗಿ ನಮ್ಮ ಹೊಸ್ತಿಲು ತುಳಿಯಲಿಲ್ಲ.